ಗಿಟಾರಿನ ಪೆಡಲ್ ಗೊಣಗಿದಾಗ



ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಾಲ ಬಳಿ ಒಂದು ಸಣ್ಣ ಲೋಹದ ಪೆಟ್ಟಿಗೆ ಇರುವುದನ್ನು ನೀವು ನೋಡಿರಬಹುದು. ಅದೇ ಎಫೆಕ್ಟ್ಸ್ ಪೆಡಲ್. ಗಿಟಾರಿನಿಂದ ಬರುವ ದುರ್ಬಲ ಸಂಕೇತವನ್ನು ಅದು ಹಿಗ್ಗಿಸಿ, ಅದರ ನಾದಗುಣವನ್ನು ಬದಲಿಸಿ ಆಂಪ್ಲಿಫೈಯರ್‌ಗೆ ಕಳುಹಿಸುತ್ತದೆ. ಇದನ್ನು ಬಿಚ್ಚಿ, ಒಂದೆರಡು ಬಿಡಿಭಾಗಗಳನ್ನು ಬದಲಿಸಿ, ತಮಗೆ ಬೇಕಾದ ನಾದ ಪಡೆಯುವ ಹವ್ಯಾಸ ಅನೇಕ ತರುಣರಿಗಿದೆ. ಹಾಗೆ ಬದಲಿಸಿದ ಮೇಲೆ ನಾದದ ಜೊತೆಗೆ ಬೇಡದ ಸದ್ದೂ ಬಂದರೆ ಏನು ಮಾಡಬೇಕು?

ಒಮ್ಮೆ ನಮ್ಮ ಧ್ವನಿಮುದ್ರಣಕ್ಕೆ ಬಂದ ತರುಣನೊಬ್ಬನ ಪೆಡಲ್ ಜುಂಯ್‌ಗುಡುತ್ತಿತ್ತು. ತನ್ನ ಕೈಕೆಲಸವೇ ಕೆಟ್ಟಿತೆಂದು ಆತ ಒಳಗಿನ ಐ.ಸಿ.ಯನ್ನು ಎರಡು ಸಲ ಬದಲಿಸಿದ್ದ. ನಾವು ಅಡಾಪ್ಟರ್ ತೆಗೆದು 9 ವೋಲ್ಟಿನ ಬ್ಯಾಟರಿ ಹಾಕಿದೆವು. ಸದ್ದು ನಿಂತಿತು! ಅಡಾಪ್ಟರ್ ಹಳೆಯದೇ. ಆದರೆ ಪೆಡಲಿನ ವರ್ಧನೆ ಹೆಚ್ಚಿದ್ದರಿಂದ, ಮೊದಲು ಕೇಳಿಸದಿದ್ದ ಅದರ ಕಲ್ಮಶ ಈಗ ಕೇಳಿಸತೊಡಗಿತ್ತು. ಆದ್ದರಿಂದ, ಬಿಡಿಭಾಗ ಬದಲಿಸುವ ಮುಂಚೆ ಸದ್ದಿನ ಮೂಲವನ್ನು ಬೇರ್ಪಡಿಸಿಕೊಳ್ಳಬೇಕು.

ಮೊದಲು ಪೆಡಲ್ ತೆಗೆದು ಗಿಟಾರನ್ನು ನೇರವಾಗಿ ಆಂಪ್ಲಿಫೈಯರ್‌ಗೆ ಜೋಡಿಸಿ. ಸದ್ದು ಉಳಿದರೆ ದೋಷ ಬೇರೆ ಕಡೆ ಇದೆ. ಗಿಟಾರ್ ಹಿಡಿದು ನೀವು ತಿರುಗಿದಂತೆ ಸದ್ದು ಏರಿಳಿದರೆ, ಪಿಕಪ್ ಸುರುಳಿಯೇ ಹತ್ತಿರದ ಟ್ರಾನ್ಸ್‌ಫಾರ್ಮರ್ ಅಥವಾ ಟ್ಯೂಬ್‌ಲೈಟಿನ ಚೋಕ್‌ನಿಂದ ಅದನ್ನು ಹಿಡಿಯುತ್ತಿದೆ. ನಂತರ ಬ್ಯಾಟರಿಯ ಪರೀಕ್ಷೆ. ಆಮೇಲೆ ಉಳಿದ ಪೆಡಲ್‌ಗಳನ್ನು ಒಂದೊಂದಾಗಿ ಕಳಚಿ.

ಸದ್ದಿನ ಬಗೆಯೂ ದಾರಿ ತೋರಿಸುತ್ತದೆ. ನಮ್ಮ ಮನೆಯ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಗುಂಯ್ ಎಂಬ ಆ ತಗ್ಗಿನ ಶ್ರುತಿ ಕೇಳಿದರೆ ಗ್ರೌಂಡ್ ತಂತಿಯನ್ನು ಶಂಕಿಸಿ. ಪೆಟ್ಟಿಗೆಯ ಒಳಬಣ್ಣ ಅಡ್ಡಬಂದು ಜ್ಯಾಕ್ ಲೋಹಕ್ಕೆ ತಾಗದೆ ಇರಬಹುದು. ಜುಂಯ್ ಎಂಬ ಅದರ ಎರಡರಷ್ಟು, ಅಂದರೆ 100 ಹರ್ಟ್ಸ್ ಸದ್ದು, ಸರಿಯಾಗಿ ಶೋಧಿಸದ ಅಡಾಪ್ಟರಿನ ಗುರುತು. ಬೆರಳಿನಿಂದ ತಟ್ಟಿದಾಗ ಕರಕರ ಎಂದರೆ ಬೆಸುಗೆ ಸಡಿಲ. ಹೊಸ ಸ್ವಿಚ್ ಹಾಕಿದ ಮೇಲೆ ಒತ್ತಿದಾಗಲೆಲ್ಲ ಟಪ್ ಎಂದರೆ, ಇನ್‌ಪುಟ್‌ನಿಂದ ಗ್ರೌಂಡ್‌ಗೆ 1 ಮೆಗಾಓಮಿನ ರೆಸಿಸ್ಟರ್ ಹಾಕಿ ನೋಡಿ. ಸಿಳ್ಳೆ ಬಂದರೆ ಒಳಬರುವ ಮತ್ತು ಹೊರಹೋಗುವ ತಂತಿಗಳನ್ನು ದೂರ ಸರಿಸಿ.

ಇನ್ನು ಸುಯ್ ಎಂಬ ಸದ್ದು. ಐಬನೆಜ್ ಕಂಪನಿಯ ಪ್ರಸಿದ್ಧ ಟ್ಯೂಬ್ ಸ್ಕ್ರೀಮರ್ ಪೆಡಲನ್ನೇ ನೋಡಿ. ಅದರಲ್ಲಿ 4.7 ಕಿಲೋಓಮಿನ ಒಂದು ರೆಸಿಸ್ಟರ್ ವರ್ಧನೆಯನ್ನು ನಿರ್ಧರಿಸುತ್ತದೆ. ಡ್ರೈವ್ ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಆ ಹಂತದ ವರ್ಧನೆ ಸುಮಾರು 118 ಪಟ್ಟು. ಹವ್ಯಾಸಿಗಳು ಅಲ್ಲಿ 2.2 ಕಿಲೋಓಮ್ ಹಾಕಿದರೆ ಅದು ಸುಮಾರು 251 ಪಟ್ಟು ಆಗುತ್ತದೆ. ಸಂಗೀತ ಇಮ್ಮಡಿಸಿದಂತೆ ಸುಯ್ ಸದ್ದೂ ಇಮ್ಮಡಿಸುತ್ತದೆ. ಇದನ್ನು ದೋಷವೆಂದು ಹುಡುಕಿದರೆ ಸಿಗುವುದಿಲ್ಲ. ಗುಂಡಿಯನ್ನು ಸ್ವಲ್ಪ ಇಳಿಸಬೇಕು, ಇಲ್ಲವೇ ಹಳೆಯ ರೆಸಿಸ್ಟರನ್ನೇ ಮರಳಿ ಹಾಕಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಎರಡು ಆಂಪ್ಲಿಫೈಯರ್‌ಗಳನ್ನು ಒಂದೇ ಪೆಡಲಿಗೆ ಜೋಡಿಸಿದಾಗ ಭೂಸಂಪರ್ಕಕ್ಕೆ ಎರಡು ದಾರಿಯಾಗಿ ಗುಂಯ್ ಸದ್ದು ಬರುವುದುಂಟು. ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ನನ್ನು ಕಿತ್ತರೆ ಸದ್ದು ನಿಲ್ಲುತ್ತದೆಂದು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿ ನಗರದಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ, ಸರಿಯಾದ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ವೇದಿಕೆಯಲ್ಲೇ ವಿದ್ಯುದಾಘಾತಕ್ಕೆ ಬಲಿಯಾದರು. ನಿಮ್ಮ ಬೆರಳುಗಳು ಲೋಹದ ತಂತಿಯ ಮೇಲಿರುತ್ತವೆ, ತುಟಿ ಮೈಕಿನ ಬಳಿ ಇರುತ್ತದೆ ಎಂಬುದನ್ನು ಮರೆಯಬೇಡಿ. ಎರಡೂ ಪ್ಲಗ್‌ಗಳನ್ನು ಒಂದೇ ಬೋರ್ಡಿಗೆ ಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ ಒಂದು ಆಂಪ್ಲಿಫೈಯರಿಗೆ ಹೋಗುವ ಸಂಕೇತದ ದಾರಿಯಲ್ಲಿ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಬಳಸಿ.

9 ವೋಲ್ಟಿನ ಬ್ಯಾಟರಿ ಹಾಕಿದ ಪೆಡಲನ್ನು ನೀವು ಧೈರ್ಯವಾಗಿ ಬಿಚ್ಚಬಹುದು. ಆಂಪ್ಲಿಫೈಯರನ್ನು ಮಾತ್ರ ತಿಳಿದವರ ಕೈಗೇ ಕೊಡಿ.