ತೆರೆದ ಬಾಗಿಲಿನ ಕೋಟೆ: ಎಸ್ಟೋನಿಯದ ಅಂತರಜಾಲದ ಕಥೆ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬುದು ಕನ್ನಡದ ಹಳೆಯ ಗಾದೆ. ಕಾಲಕ್ಕೆ ಸರಿಯಾಗಿ ಕಾವಲಿಡದವರನ್ನು ಕುರಿತ ಹಾಸ್ಯ ಅದರಲ್ಲಿದೆ. ಆದರೆ ಆ ಗಾದೆ ಹೇಳದೆ ಬಿಟ್ಟ ಇನ್ನೊಂದು ಕಷ್ಟವೂ ಉಂಟು. ಬಾಗಿಲು ಸದಾ ಮುಚ್ಚಿದ್ದರೆ ಸಂತೆ ಕೂಡುವುದಿಲ್ಲ, ದವಸ ಬರುವುದಿಲ್ಲ, ಸುದ್ದಿ ಬರುವುದಿಲ್ಲ. ಯಾರೂ ಕೊಳ್ಳೆ ಹೊಡೆಯದೆಯೇ ಊರು ಬಡವಾಗುತ್ತದೆ. ಬಾಗಿಲು ತೆರೆದಿರಬೇಕು, ಊರೂ ಉಳಿಯಬೇಕು. ಅಂತರಜಾಲದ ಕಾಲದಲ್ಲಿ ಈ ಇಕ್ಕಟ್ಟನ್ನು ಬಹು ಬೇಗ, ಬಹು ತೀವ್ರವಾಗಿ ಎದುರಿಸಿದ ದೇಶ ಎಸ್ಟೋನಿಯ. ಆ ಇಕ್ಕಟ್ಟಿಗೆ ಮಾತು ಕೊಟ್ಟ ರಾಜಕಾರಣಿ ತೋಮಾಸ್ ಹೆಂಡ್ರಿಕ್ ಇಲ್ವೆಸ್.

ಎಸ್ಟೋನಿಯ ಬಾಲ್ಟಿಕ್ ಸಮುದ್ರದ ಅಂಚಿನ ದೇಶ. ವಿಸ್ತೀರ್ಣ ಸುಮಾರು 45,000 ಚದರ ಕಿಲೋಮೀಟರು. ಕರ್ನಾಟಕದ ಕಾಲು ಭಾಗಕ್ಕೂ ತುಸು ಕಡಿಮೆ. ಜನಸಂಖ್ಯೆ ಸುಮಾರು 13 ಲಕ್ಷ. ಹಾಸನ ಜಿಲ್ಲೆಯ ಜನಸಂಖ್ಯೆಯೇ ಇದಕ್ಕಿಂತ ಹೆಚ್ಚು. 1918ರಲ್ಲಿ ಸ್ವತಂತ್ರವಾದ ಈ ನಾಡು 1940ರಲ್ಲಿ ಸೋವಿಯತ್ ಒಕ್ಕೂಟದ ವಶವಾಯಿತು, ನಡುವೆ ಮೂರು ವರ್ಷ ಜರ್ಮನರ ಕೈಸೇರಿತು, ಮತ್ತೆ ಸೋವಿಯತ್ ಆಳ್ವಿಕೆಗೆ ಒಳಗಾಯಿತು. 1991ರ ಆಗಸ್ಟ್‌ನಲ್ಲಿ ಮರಳಿ ಸ್ವತಂತ್ರವಾದಾಗ ಅದರ ಬೊಕ್ಕಸ ಬರಿದಾಗಿತ್ತು. ಟೆಲಿಫೋನು ಇರದ ಮನೆಗಳೇ ಹೆಚ್ಚಾಗಿದ್ದವು. ಆದರೆ ಒಂದು ಆಸ್ತಿ ಉಳಿದಿತ್ತು. ರಾಜಧಾನಿ ಟ್ಯಾಲಿನ್‌ನಲ್ಲಿ 1960ರಿಂದಲೇ ಸೈಬರ್ನೆಟಿಕ್ಸ್ ಸಂಸ್ಥೆಯೊಂದು ಕೆಲಸ ಮಾಡುತ್ತಿತ್ತು. ಗಣಿತ ಬಲ್ಲ, ಕಂಪ್ಯೂಟರ್ ಬಲ್ಲ ಒಂದು ಪೀಳಿಗೆ ಅಲ್ಲಿ ತಯಾರಾಗಿತ್ತು.

ಇಲ್ವೆಸ್ ಬೆಳೆದದ್ದು ಈ ನಾಡಿನಲ್ಲಲ್ಲ. ಯುದ್ಧಕಾಲದಲ್ಲಿ ದೇಶ ಬಿಟ್ಟ ಎಸ್ಟೋನಿಯನ್ ನಿರಾಶ್ರಿತರ ಮಗನಾಗಿ ಅವರು 1953ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದರು. ಬೆಳೆದದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಹೈಸ್ಕೂಲಿನಲ್ಲಿದ್ದಾಗ ಗಣಿತದ ಶಿಕ್ಷಕರೊಬ್ಬರು ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಹೇಳಿಕೊಟ್ಟರು. ಇಲ್ವೆಸ್ ಮುಂದೆ ಓದಿದ್ದು ಮನಶ್ಶಾಸ್ತ್ರ. ಮಾಡಿದ್ದು ಮ್ಯೂನಿಕ್‌ನ ರೇಡಿಯೋ ಫ್ರೀ ಯೂರೋಪ್‌ನಲ್ಲಿ ಕೆಲಸ. ಆದರೆ ಶಾಲೆಯಲ್ಲಿ ಕಲಿತ ಆ ವಿದ್ಯೆಯೇ ತನ್ನ ಕಣ್ಣು ತೆರೆಸಿತೆಂದು ಅವರು ಮತ್ತೆ ಮತ್ತೆ ಹೇಳಿದ್ದಾರೆ. 1993ರಲ್ಲಿ ಅವರು ಸ್ವತಂತ್ರ ಎಸ್ಟೋನಿಯದ ರಾಯಭಾರಿಯಾಗಿ ವಾಷಿಂಗ್‌ಟನ್‌ಗೆ ಹೋದರು. ವರ್ಲ್ಡ್ ವೈಡ್ ವೆಬ್ ಜನಸಾಮಾನ್ಯರ ಕೈಗೆ ಬರತೊಡಗಿದ್ದೂ ಅದೇ ಹೊತ್ತಿನಲ್ಲಿ.

ರಸ್ತೆ, ಕಾರ್ಖಾನೆ, ಬಂದರುಗಳಲ್ಲಿ ಪಶ್ಚಿಮ ಯೂರೋಪು ಎಸ್ಟೋನಿಯಕ್ಕಿಂತ 50 ವರ್ಷ ಮುಂದಿತ್ತು. ಆ ಅಂತರವನ್ನು ತುಂಬಲು ಹಣವೂ ಇರಲಿಲ್ಲ, ಜನವೂ ಇರಲಿಲ್ಲ. ಅಂತರಜಾಲದಲ್ಲಾದರೋ ಎಲ್ಲರೂ ಹೊಸಬರೇ. ಕಡಿಮೆ ಜನರಿಂದ ಹೆಚ್ಚು ಕೆಲಸ ಮಾಡಿಸುವ ಯಂತ್ರ ದೊಡ್ಡ ದೇಶಕ್ಕೆ ನಿರುದ್ಯೋಗದ ಭಯ ತರಬಹುದು. ಜನವೇ ಕಡಿಮೆ ಇರುವ ದೇಶಕ್ಕೆ ಅದು ವರ. ಇದು ಇಲ್ವೆಸ್ ಅವರ ವಾದ. ಭೌತವಿಜ್ಞಾನಿಯೂ ಆಗಿದ್ದ ಶಿಕ್ಷಣ ಸಚಿವ ಯಾಕ್ ಆವಿಕ್ಸೋ ಅವರೂ ಇದನ್ನು ಒಪ್ಪಿದರು. 1996ರ ಫೆಬ್ರುವರಿಯಲ್ಲಿ ಅಧ್ಯಕ್ಷ ಲೆನ್ನಾರ್ಟ್ ಮೇರಿ ‘ಹುಲಿ ಜಿಗಿತ’ ಎಂಬ ಯೋಜನೆಯನ್ನು ಘೋಷಿಸಿದರು. ಪ್ರತಿ ಶಾಲೆಗೂ ಕಂಪ್ಯೂಟರ್, ಪ್ರತಿ ಶಾಲೆಗೂ ಅಂತರಜಾಲ. ಇದು ಅದರ ಗುರಿ. ಖರ್ಚನ್ನು ಸರ್ಕಾರ ಮತ್ತು ಸ್ಥಳೀಯ ಆಡಳಿತಗಳು ಹಂಚಿಕೊಂಡವು.

ವಿರೋಧವೂ ಬಂತು. ಶಾಲೆಯ ಸೂರು ಸೋರುತ್ತಿರುವಾಗ ಕಂಪ್ಯೂಟರ್ ಏಕೆ ಎಂಬ ಪ್ರಶ್ನೆ ಬಡ ದೇಶದಲ್ಲಿ ಏಳುವುದು ಸಹಜ. ಶಿಕ್ಷಕರ ವಲಯದಿಂದಲೇ ಕಟು ಟೀಕೆ ಕೇಳಬೇಕಾಯಿತೆಂದು ಇಲ್ವೆಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಆದರೂ ಹೊಸ ಶತಮಾನ ಕಾಲಿಡುವ ಹೊತ್ತಿಗೆ ಬಹುತೇಕ ಎಲ್ಲ ಶಾಲೆಗಳಿಗೂ ಸಂಪರ್ಕ ಸಿಕ್ಕಿತ್ತು. 2000ದಲ್ಲಿ ಬಂದ ದೂರಸಂಪರ್ಕ ಕಾನೂನು ಅಂತರಜಾಲವನ್ನು ಎಲ್ಲರಿಗೂ ದೊರೆಯಬೇಕಾದ ಸೇವೆಗಳ ಪಟ್ಟಿಗೆ ಸೇರಿಸಿತು. ಹಳ್ಳಿಯ ಗ್ರಂಥಾಲಯಗಳಲ್ಲಿ ಸಾರ್ವಜನಿಕ ಕಂಪ್ಯೂಟರುಗಳು ಬಂದವು. ಅವು ಎಲ್ಲಿವೆ ಎಂದು ತೋರಿಸುವ ನೀಲಿ ಫಲಕಗಳು ರಸ್ತೆ ಬದಿಯಲ್ಲಿ ನಿಂತವು. ಬ್ಯಾಂಕುಗಳೂ ದೂರವಾಣಿ ಕಂಪನಿಗಳೂ ಸೇರಿ ಸುಮಾರು 1 ಲಕ್ಷ ವಯಸ್ಕರಿಗೆ ಅಂತರಜಾಲ ಬಳಸಲು ಕಲಿಸಿದವು. ತಂತಿ ಎಳೆದರಷ್ಟೇ ಸಾಲದು, ಬಳಸುವ ಧೈರ್ಯವೂ ಬರಬೇಕು ಎಂಬುದನ್ನು ಆ ದೇಶ ಬೇಗ ಅರಿಯಿತು.

ಅದರ ಮೇಲೆ ಎರಡು ಕಂಬಗಳನ್ನು ನಿಲ್ಲಿಸಲಾಯಿತು. ಮೊದಲನೆಯದು 2001ರಲ್ಲಿ ಆರಂಭವಾದ ‘ಎಕ್ಸ್-ರೋಡ್’. ಪ್ರಜೆಗಳ ಮಾಹಿತಿಯನ್ನೆಲ್ಲ ಒಂದೇ ದೊಡ್ಡ ಕಣಜದಲ್ಲಿ ತುಂಬುವ ಬದಲು ಪ್ರತಿ ಇಲಾಖೆಯೂ ತನ್ನ ಕಡತವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಒಂದು ಇಲಾಖೆಗೆ ಇನ್ನೊಂದರ ವಿವರ ಬೇಕಾದರೆ ಗೂಢಲಿಪಿಯ ಭದ್ರವಾದ ದಾರಿಯಲ್ಲಿ ಕೇಳಬೇಕು. ಕೇಳಿದ್ದರ ಗುರುತು ಉಳಿಯುತ್ತದೆ. ತನ್ನ ಕಡತವನ್ನು ಯಾರು ತೆರೆದು ನೋಡಿದರೆಂದು ಪ್ರಜೆ ತಾನೇ ಪರಿಶೀಲಿಸಬಹುದು. ಎರಡನೆಯದು 2002ರಿಂದ ಕೊಡತೊಡಗಿದ ಗುರುತಿನ ಚೀಟಿ. ಅದರ ಚಿಪ್ಪಿನಲ್ಲಿ ಎರಡು ಗುಪ್ತ ಕೀಲಿಗಳಿವೆ: ಒಂದು ತಾನು ಯಾರೆಂದು ತೋರಿಸಲು, ಇನ್ನೊಂದು ಸಹಿ ಹಾಕಲು. ಆ ಸಹಿಗೆ ಕಾನೂನಿನಲ್ಲಿ ಕೈಬರಹದ ಸಹಿಯಷ್ಟೇ ಬೆಲೆ. 2005ರ ಸ್ಥಳೀಯ ಚುನಾವಣೆಯಲ್ಲಿ ಮನೆಯಿಂದಲೇ ಅಂತರಜಾಲದ ಮೂಲಕ ಮತ ಹಾಕಲು ಅವಕಾಶ ಕೊಡಲಾಯಿತು. ಆಗ ಹಾಗೆ ಮತ ಹಾಕಿದವರು ಹತ್ತು ಸಾವಿರಕ್ಕೂ ಕಡಿಮೆ ಜನ.

2006ರಲ್ಲಿ ಇಲ್ವೆಸ್ ಅಧ್ಯಕ್ಷರಾದರು. ಆರೇ ತಿಂಗಳಲ್ಲಿ ಪರೀಕ್ಷೆ ಬಂತು. ಟ್ಯಾಲಿನ್ ನಡುವೆ 1947ರಲ್ಲಿ ನಿಲ್ಲಿಸಿದ್ದ ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯನ್ನು ಸೈನಿಕರ ಸ್ಮಶಾನಕ್ಕೆ ಸಾಗಿಸಲು ಸರ್ಕಾರ ನಿರ್ಧರಿಸಿತು. ಬಹುಪಾಲು ಎಸ್ಟೋನಿಯನ್ನರಿಗೆ ಆ ಪ್ರತಿಮೆ ಪರರ ಆಳ್ವಿಕೆಯ ಗುರುತು. ಜನಸಂಖ್ಯೆಯ ಸುಮಾರು ಕಾಲು ಭಾಗವಿದ್ದ ರಷ್ಯನ್ನರಲ್ಲಿ ಅನೇಕರಿಗೆ ಅದು ನಾಟ್ಸಿಗಳನ್ನು ಸೋಲಿಸಿದ ಹಿರಿಯರ ನೆನಪು. ಒಂದೇ ಕಂಚು, ಎರಡು ಇತಿಹಾಸ. 2007ರ ಏಪ್ರಿಲ್ 26ರ ರಾತ್ರಿ ಗಲಭೆಯಾಯಿತು. ಒಬ್ಬ ಯುವಕ ಸತ್ತ, ಅನೇಕರು ಗಾಯಗೊಂಡರು, ನೂರಾರು ಜನರ ಬಂಧನವಾಯಿತು.

ಬೀದಿ ಶಾಂತವಾಯಿತು, ಆದರೆ ಕಂಪ್ಯೂಟರುಗಳ ಮೇಲೆ ದಾಳಿ ತೊಡಗಿತು. ಏಪ್ರಿಲ್ 27ರಿಂದ ಸುಮಾರು ಮೂರು ವಾರ ಅದು ಅಲೆ ಅಲೆಯಾಗಿ ಬಂತು. ಇದರ ಬಗೆ ಅರ್ಥವಾಗಲು ಅಂಚೆ ಕಚೇರಿಯ ಕಿಟಕಿಯೊಂದನ್ನು ಕಲ್ಪಿಸಿಕೊಂಡರೆ ಸಾಕು. ಅಲ್ಲಿ ದಿನಕ್ಕೆ ನೂರು ಜನ ಬರುತ್ತಾರೆ. ಒಂದು ದಿನ ಇದ್ದಕ್ಕಿದ್ದಂತೆ ಲಕ್ಷ ಜನ ಬಂದು, ಏನನ್ನೂ ಕೊಳ್ಳದೆ, ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುತ್ತ ನಿಂತರೆ ನಿಜವಾದ ಗಿರಾಕಿ ಕಿಟಕಿಯವರೆಗೆ ತಲುಪುವುದೇ ಇಲ್ಲ. ಬೀಗ ಮುರಿದಿಲ್ಲ, ಕಳವಾಗಿಲ್ಲ. ಆದರೂ ಕಚೇರಿ ನಿಂತುಹೋಗುತ್ತದೆ. ಜಗತ್ತಿನ ಬೇರೆ ಬೇರೆ ಕಡೆ, ಮಾಲೀಕರಿಗೆ ತಿಳಿಯದಂತೆ ಕಳ್ಳರ ವಶವಾಗಿದ್ದ ಕಂಪ್ಯೂಟರುಗಳೇ ಇಲ್ಲಿ ಆ ಸುಳ್ಳು ಗಿರಾಕಿಗಳು. ಸಂಸತ್ತು, ಸಚಿವಾಲಯಗಳು, ಪತ್ರಿಕೆಗಳು, ಬ್ಯಾಂಕುಗಳು ಗುರಿಯಾದವು. ರಷ್ಯದಲ್ಲಿ ವಿಜಯ ದಿನವನ್ನು ಆಚರಿಸುವ ಮೇ 9ರ ಸುಮಾರಿಗೆ ದಾಳಿ ತಾರಕಕ್ಕೇರಿತು. ದೇಶದ ಅತಿ ದೊಡ್ಡ ಬ್ಯಾಂಕ್ ಕೆಲಕಾಲ ತನ್ನ ಅಂತರಜಾಲ ಸೇವೆಯನ್ನೇ ನಿಲ್ಲಿಸಬೇಕಾಯಿತು.

ಆಗ ಕಂಡ ಒಂದು ವಿಪರ್ಯಾಸ ಗಮನಾರ್ಹ. ಪ್ರವಾಹ ಬರುತ್ತಿದ್ದುದು ಬಹುಪಾಲು ಹೊರದೇಶಗಳಿಂದ. ಆದ್ದರಿಂದ ಪತ್ರಿಕೆಗಳೂ ಬ್ಯಾಂಕುಗಳೂ ಹೊರಗಿನ ಸಂಪರ್ಕವನ್ನು ಕಡಿದುಕೊಂಡವು. ಒಳಗಿನವರು ತಮ್ಮ ಪತ್ರಿಕೆಯನ್ನು ಓದಬಲ್ಲವರಾದರು. ಆದರೆ ಏನಾಗುತ್ತಿದೆಯೆಂದು ಜಗತ್ತಿಗೆ ಹೇಳಬೇಕಾದ ಗಳಿಗೆಯಲ್ಲೇ ಆ ದೇಶದ ದನಿ ಗಡಿಯಾಚೆ ಕೇಳದಾಯಿತು. ಕೋಟೆಯ ಬಾಗಿಲು ಹಾಕಿದರೆ ಊರು ಉಳಿಯುತ್ತದೆ, ಆದರೆ ಒಂಟಿಯಾಗುತ್ತದೆ.

ದಾಳಿಯ ಹಿಂದೆ ರಷ್ಯ ಸರ್ಕಾರವಿದೆ ಎಂದು ಎಸ್ಟೋನಿಯದ ವಿದೇಶಾಂಗ ಸಚಿವರು ಆರೋಪಿಸಿದರು. ರಷ್ಯ ನಿರಾಕರಿಸಿತು, ತನಿಖೆಗೆ ಸಹಕಾರ ಕೋರಿದಾಗ ಕೊಡಲಿಲ್ಲ. ನ್ಯಾಯಾಲಯದ ಮುಂದೆ ತಪ್ಪಿತಸ್ಥನೆಂದು ನಿಂತು ದಂಡ ತೆತ್ತವನು ಎಸ್ಟೋನಿಯದವನೇ ಆದ ಒಬ್ಬ ವಿದ್ಯಾರ್ಥಿ ಮಾತ್ರ. ಬಾಣ ಬಂದಿತ್ತು, ಬಿಲ್ಲು ಯಾರದೆಂದು ಸಾಬೀತು ಮಾಡುವ ದಾರಿ ಇರಲಿಲ್ಲ. ಆಗ ರಕ್ಷಣಾ ಸಚಿವರಾಗಿದ್ದವರು ಹುಲಿ ಜಿಗಿತದ ಆವಿಕ್ಸೋ ಅವರೇ. ಶಾಲೆಗಳಿಗೆ ತಂತಿ ಎಳೆಸಿದವರು ಅದೇ ತಂತಿಯ ಮೂಲಕ ಬಂದ ದಾಳಿಯನ್ನು ಎದುರಿಸಬೇಕಾಯಿತು. ಎಸ್ಟೋನಿಯ 2004ರಿಂದಲೇ ನ್ಯಾಟೋ ಸದಸ್ಯ. ಆದರೆ ಇಂಥ ದಾಳಿಯನ್ನು ಸೈನಿಕ ಆಕ್ರಮಣವೆಂದು ಆ ಕೂಟ ಆಗ ಪರಿಗಣಿಸಿರಲಿಲ್ಲ.

ಇಷ್ಟಾದ ಮೇಲೆ ಹೆದರಿದ ದೇಶ ಹಿಂದೆ ಸರಿಯಬಹುದಿತ್ತು, ಕಾಗದಕ್ಕೆ ಮರಳಬಹುದಿತ್ತು, ಇಲ್ಲವೆ ಅಂತರಜಾಲಕ್ಕೆ ಸರ್ಕಾರದ ಬೇಲಿ ಹಾಕಬಹುದಿತ್ತು. ಎಸ್ಟೋನಿಯ ಎರಡನ್ನೂ ಮಾಡಲಿಲ್ಲ. 2008ರಲ್ಲಿ ಅದು ರಾಷ್ಟ್ರೀಯ ಸೈಬರ್ ಸುರಕ್ಷತಾ ನೀತಿಯನ್ನು ರೂಪಿಸಿತು. ಅದೇ ವರ್ಷ ಟ್ಯಾಲಿನ್‌ನಲ್ಲಿ ನ್ಯಾಟೋದ ಮಾನ್ಯತೆ ಪಡೆದ ಸೈಬರ್ ರಕ್ಷಣಾ ಕೇಂದ್ರ ಸ್ಥಾಪನೆಯಾಯಿತು. ಬ್ಯಾಂಕು, ಕಂಪನಿಗಳ ತಜ್ಞರು ಬಿಡುವಿನ ವೇಳೆಯಲ್ಲಿ ಸ್ವಯಂಸೇವಕರಾಗಿ ತರಬೇತಿ ಪಡೆಯುವ ದಳ ಹುಟ್ಟಿತು. ಯುದ್ಧದ ಕಾನೂನು ಸೈಬರ್ ದಾಳಿಗೆ ಹೇಗೆ ಅನ್ವಯಿಸುತ್ತದೆ ಎಂದು ತಜ್ಞರು ವಿವರಿಸಿದ ‘ಟ್ಯಾಲಿನ್ ಕೈಪಿಡಿ’ 2013ರಲ್ಲಿ ಹೊರಬಂತು. 2014ರಲ್ಲಿ ನ್ಯಾಟೋ, ಸೈಬರ್ ದಾಳಿಯೂ ಸಾಮೂಹಿಕ ರಕ್ಷಣೆಗೆ ಕಾರಣವಾಗಬಹುದೆಂದು ಒಪ್ಪಿತು.

ಎಸ್ಟೋನಿಯದ ಅಧ್ಯಕ್ಷ ಪದವಿಗೆ ಆಡಳಿತದ ಅಧಿಕಾರ ಅಲ್ಪ. ಇಲ್ವೆಸ್ ಕೈಯಲ್ಲಿದ್ದ ಆಯುಧ ಮಾತು. ಹತ್ತು ವರ್ಷ ಅವರು ದೇಶ ದೇಶಗಳ ವೇದಿಕೆಗಳಲ್ಲಿ ಒಂದೇ ವಿಷಯವನ್ನು ಮತ್ತೆ ಮತ್ತೆ ಹೇಳಿದರು: ಸುರಕ್ಷತೆ ಮತ್ತು ಸಂಪರ್ಕ ಪರಸ್ಪರ ಶತ್ರುಗಳಲ್ಲ, ನಂಬಿಕೆ ಇಲ್ಲದ ಜಾಲವನ್ನು ಜನ ಬಳಸುವುದಿಲ್ಲ. ಅವರು ಕೊಡುತ್ತಿದ್ದ ಉದಾಹರಣೆ ಸರಳ. ಒಬ್ಬನ ರಕ್ತದ ಗುಂಪು ಯಾವುದೆಂದು ಪರರಿಗೆ ತಿಳಿದರೆ ಮುಜುಗರವಾದೀತು; ಆದರೆ ಕಡತದಲ್ಲಿ ಆ ಗುಂಪನ್ನೇ ಯಾರಾದರೂ ತಿದ್ದಿದರೆ ಪ್ರಾಣವೇ ಹೋದೀತು. ಗುಟ್ಟು ಕಾಯುವುದರಷ್ಟೇ, ಅದಕ್ಕಿಂತಲೂ ಮುಖ್ಯವಾಗಿ, ದಾಖಲೆ ಕೆಡದಂತೆ ಕಾಯಬೇಕು ಎಂಬುದು ಇದರ ತಾತ್ಪರ್ಯ. ವಿಶ್ವಬ್ಯಾಂಕಿನ 2016ರ ಅಭಿವೃದ್ಧಿ ವರದಿಯ ಸಲಹಾ ಮಂಡಳಿಗೆ ಅವರೂ ಭಾರತದ ಅರ್ಥಶಾಸ್ತ್ರಜ್ಞ ಕೌಶಿಕ್ ಬಸು ಅವರೂ ಜೊತೆಯಾಗಿ ಅಧ್ಯಕ್ಷರಾಗಿದ್ದರು. ಜಗತ್ತಿನ ಅರ್ಧಕ್ಕೂ ಹೆಚ್ಚು ಜನ ಆಗ ಅಂತರಜಾಲದ ಹೊರಗೇ ಇದ್ದರೆಂದೂ, ಹೊಸ ತಂತ್ರದ ಲಾಭ ಸಮನಾಗಿ ಹಂಚಿಕೆಯಾಗಿಲ್ಲವೆಂದೂ ಆ ವರದಿ ಹೇಳಿತು.

ಈ ಕಥೆಯನ್ನು ಬರೀ ಹೊಗಳಿಕೆಯಾಗಿ ಹೇಳುವುದು ತಪ್ಪಾದೀತು. 2014ರಲ್ಲಿ ವಿದೇಶಿ ತಜ್ಞರ ತಂಡವೊಂದು ಎಸ್ಟೋನಿಯದ ಅಂತರಜಾಲ ಮತದಾನವನ್ನು ಪರಿಶೀಲಿಸಿ, ಅದನ್ನು ಕೈಬಿಡುವುದೇ ಲೇಸೆಂದಿತು. ಸರ್ಕಾರ ಒಪ್ಪಲಿಲ್ಲ, ವಾದ ಮುಗಿದಿಲ್ಲ. 2017ರಲ್ಲಿ ಇನ್ನೂ ದೊಡ್ಡ ಆಘಾತ ಕಾದಿತ್ತು. ಗುರುತಿನ ಚೀಟಿಯ ಚಿಪ್ಪು ಗುಪ್ತ ಕೀಲಿಗಳನ್ನು ಸೃಷ್ಟಿಸುವ ಬಗೆಯಲ್ಲೇ ದೋಷವಿದೆಯೆಂದು ಜೆಕ್ ದೇಶದ ಬ್ರನೋ ನಗರದ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಹಿಡಿದರು. ತೊಂದರೆಗೊಳಗಾದ ಚೀಟಿಗಳು ಏಳು ಲಕ್ಷಕ್ಕೂ ಹೆಚ್ಚು. ಚುನಾವಣೆ ಎದುರಿಗಿತ್ತು. ಮುಚ್ಚಿಡುವ ಆಸೆ ಯಾವ ಸರ್ಕಾರಕ್ಕಾದರೂ ಬಂದೀತು. ಆದರೆ ಸೆಪ್ಟೆಂಬರ್ ಆರಂಭದಲ್ಲೇ ಸರ್ಕಾರ ಜನರ ಮುಂದೆ ನಿಂತು ದೋಷವಿದೆಯೆಂದು ಹೇಳಿತು. ನವೆಂಬರ್‌ನಲ್ಲಿ ಆ ಚೀಟಿಗಳ ಪ್ರಮಾಣಪತ್ರಗಳನ್ನು ತಡೆಹಿಡಿದು ಹೊಸದನ್ನು ಕೊಟ್ಟಿತು. ಹೇಳಿದ್ದರಿಂದ ನಂಬಿಕೆ ಕುಸಿಯಲಿಲ್ಲ. 2023ರ ಸಂಸತ್ ಚುನಾವಣೆಯಲ್ಲಿ ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕೂ ಹೆಚ್ಚು ಅಂತರಜಾಲದ ಮೂಲಕ ಬಂದವು.

2022ರ ಆಗಸ್ಟ್‌ನಲ್ಲಿ ಹಳೆಯ ಕಥೆ ಮರುಕಳಿಸುವಂತೆ ಕಂಡಿತು. ರಷ್ಯದ ಗಡಿಯ ನಾರ್ವಾ ಪಟ್ಟಣದ ಬಳಿ ಸ್ಮಾರಕವಾಗಿ ನಿಂತಿದ್ದ ಸೋವಿಯತ್ ಟ್ಯಾಂಕ್ ಅನ್ನು ಸರ್ಕಾರ ತೆಗೆಸಿತು. ಕೂಡಲೇ 2007ರ ನಂತರದ ಅತಿ ವ್ಯಾಪಕವಾದ ಸೈಬರ್ ದಾಳಿ ನಡೆಯಿತು. ಹಾಗೆಂದು ತಿಳಿಸಿದ ಹಿರಿಯ ಅಧಿಕಾರಿ ಲೂಕಾಸ್ ಇಲ್ವೆಸ್. ಮಾಜಿ ಅಧ್ಯಕ್ಷರ ಮಗ. ದಾಳಿ ಬಹುಮಟ್ಟಿಗೆ ಜನರ ಗಮನಕ್ಕೇ ಬರಲಿಲ್ಲವೆಂದೂ ಅವರು ಹೇಳಿದರು. ಕಾವಲು ಚೆನ್ನಾಗಿರುವುದರ ಲಕ್ಷಣವೇ ಅದು: ಊರು ಎಂದಿನಂತೆ ಸಂತೆಗೆ ಹೋಗಿ ಬರುತ್ತದೆ.

ಆದರೆ ಒಂದು ಕೆಲಸ ಯಾವ ಕಾವಲುಗಾರನಿಂದಲೂ ಆಗುವುದಿಲ್ಲ. ಎರಡು ಸಲವೂ ದಾಳಿಗೆ ನೆಪವಾದದ್ದು ಒಂದು ಸ್ಮಾರಕ. ಅದರ ಸುತ್ತ ಒಂದೇ ನಾಡಿನ ಜನರ ಎರಡು ನೆನಪು. ಕಂಪ್ಯೂಟರಿನ ಬಿರುಕನ್ನು ತಜ್ಞರು ಮುಚ್ಚಬಲ್ಲರು. ನೆರೆಹೊರೆಯವರ ನಡುವಿನ ಬಿರುಕನ್ನು ಆ ಜನರೇ, ಎದುರು ಬದುರು ಕುಳಿತು ಮಾತಾಡಿ ಮುಚ್ಚಬೇಕು.