ಕಾಯುವಿಕೆಯ ಲೆಕ್ಕ

ಹೋಟೆಲಿಗೆ ಹೋಗಿ, ಒಂದು ದೋಸೆ ಬೇಕೆಂದು ಹೇಳಿ ಕುಳಿತಿದ್ದೀರಿ ಎಂದಿಟ್ಟುಕೊಳ್ಳಿ. ದೋಸೆ ಕಾವಲಿಯ ಮೇಲಿರುವುದು ಮೂರು ನಿಮಿಷ. ನಿಮ್ಮ ಮುಂದೆ ಬರುವುದು ಇಪ್ಪತ್ತು ನಿಮಿಷವಾದ ಮೇಲೆ. ಉಳಿದ ಹದಿನೇಳು ನಿಮಿಷ ಎಲ್ಲಿ ಹೋಯಿತು? ಮಾಣಿ ನಿಮ್ಮ ಮಾತನ್ನು ಒಳಗೆ ಮುಟ್ಟಿಸಲು ತಡಮಾಡಿದನೆ? ಕಾವಲಿಯ ಮುಂದೆ ಹತ್ತು ಮಂದಿಯ ಸರದಿ ಇತ್ತೆ? ಇಲ್ಲವೆ, ದೋಸೆ ಸಿದ್ಧವಾಗಿ ಚಟ್ನಿಗಾಗಿ ಕಾದಿತ್ತೆ? ಇದೊಂದನ್ನೂ ವಿಚಾರಿಸದೆ ಯಜಮಾನನು ಅಡಿಗೆಯವನನ್ನು ಗದರಿಸಬಹುದು. ಸಾಲ ಮಾಡಿ ದೊಡ್ಡ ಕಾವಲಿಯನ್ನೇ ತರಬಹುದು. ತಡವಾದದ್ದು ಚಟ್ನಿಯಿಂದಾದರೆ ಈ ಎರಡರಿಂದಲೂ ನಿಮ್ಮ ದೋಸೆ ಬೇಗ ಬರಲಾರದು.

ದೊಡ್ಡ ಕಾರ್ಖಾನೆಗಳ ಗಣಕಯಂತ್ರಗಳ ಸಂಗತಿಯೂ ಹೀಗೆಯೇ. ಆ ಹದಿನೇಳು ನಿಮಿಷವನ್ನು ಹುಡುಕಿ ಹಿಡಿಯುವ ವಿದ್ಯೆಯನ್ನು ಕುರಿತು ಈಗ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೇನ್‌ಫ್ರೇಮ್ ಎಂದರೆ ಮೇಜಿನ ಮೇಲಿಟ್ಟು ಒಬ್ಬರು ಬಳಸುವ ಗಣಕವಲ್ಲ. ಯಂತ್ರ ಒಂದೇ, ಸಾವಿರಾರು ಮಂದಿ ಅದಕ್ಕೆ ಏಕಕಾಲದಲ್ಲಿ ಪ್ರಶ್ನೆ ಹಾಕುತ್ತಾರೆ. ಐ.ಬಿ.ಎಂ. ಸಂಸ್ಥೆ 1964ರ ಏಪ್ರಿಲ್ 7ರಂದು ಸಿಸ್ಟಂ 360 ಎಂಬ ಯಂತ್ರಗಳ ಸಾಲನ್ನು ಪ್ರಕಟಿಸಿತು. ಅದರ ಇಂದಿನ ಮೇನ್‌ಫ್ರೇಮ್‌ಗಳು ಆ ವಂಶದವೇ.

ಇವಕ್ಕೂ ಕಾರ್ಖಾನೆಗೂ ನಂಟು ಹಳೆಯದು. ಅಮೆರಿಕದವರು ಚಂದ್ರನಲ್ಲಿಗೆ ಹೋಗಲು ಹೊರಟಾಗ, ಅಪೊಲೊ ನೌಕೆಯ ಬಿಡಿಭಾಗಗಳ ಪಟ್ಟಿಯನ್ನು ಹಿಡಿದಿಡುವುದೇ ಒಂದು ದೊಡ್ಡ ಕೆಲಸವಾಯಿತು. ಯಾವ ತಿರುಪು ಯಾವ ಜೋಡಣೆಗೆ ಸೇರಿದ್ದು, ಆ ಜೋಡಣೆ ಮತ್ತೆ ಯಾವುದರೊಳಗೆ ಕೂಡತಕ್ಕದ್ದು ಎಂಬುದೆಲ್ಲ ಕೇಳಿದೊಡನೆ ತಿಳಿಯಬೇಕು. ಐ.ಬಿ.ಎಂ.ನವರು, ನೌಕೆ ಕಟ್ಟುತ್ತಿದ್ದ ನಾರ್ತ್ ಅಮೆರಿಕನ್ ಸಂಸ್ಥೆಯವರು, ಟ್ರ್ಯಾಕ್ಟರು ತಯಾರಿಸುವ ಕ್ಯಾಟರ್‌ಪಿಲರ್‌ನವರು 1966ರಲ್ಲಿ ಕೂಡಿ ಈ ಕೆಲಸಕ್ಕೆ ಕೈಹಾಕಿದರು. 1968ರ ಆಗಸ್ಟ್ 14ರಂದು ಕ್ಯಾಲಿಫೋರ್ನಿಯದ ಡೌನಿ ಎಂಬಲ್ಲಿ ಒಂದು ಟರ್ಮಿನಲ್ಲು 'ರೆಡಿ' ಎಂಬ ಮಾತನ್ನು ಅಚ್ಚೊತ್ತಿತು. ಮುಂದೆ ಐ.ಎಂ.ಎಸ್. ಎಂದು ಹೆಸರಾದ ಆ ವ್ಯವಸ್ಥೆ ಇಂದಿಗೂ ಬಳಕೆಯಲ್ಲಿದೆ.

ಯಂತ್ರವೇನೋ 'ಸಿದ್ಧ' ಎಂದಿತು. ಆದರೆ ಉತ್ತರ ಎಷ್ಟು ಹೊತ್ತಿಗೆ ಬರಬೇಕು? ಅದೇ ವರ್ಷ, 1968ರಲ್ಲಿ, ರಾಬರ್ಟ್ ಮಿಲ್ಲರ್ ಎಂಬುವರು ಈ ವಿಷಯವಾಗಿ ಒಂದು ಲೇಖನ ಬರೆದರು. ಯಂತ್ರದೊಡನೆ ನಡೆಸುವುದೂ ಒಂದು ಸಂಭಾಷಣೆ. ಸುಮಾರು ಎರಡು ಸೆಕೆಂಡಿಗಿಂತ ಹೆಚ್ಚು ತಡವಾದರೆ ಮನಸ್ಸಿನಲ್ಲಿ ಹಿಡಿದ ಎಳೆ ಜಾರುತ್ತದೆ ಎಂಬುದು ಅವರ ಅಭಿಪ್ರಾಯ. 1982ರಲ್ಲಿ ಐ.ಬಿ.ಎಂ.ನ ವಾಲ್ಟರ್ ಡೊಹರ್ಟಿ ಮತ್ತು ಅರವಿಂದ ಥಡಾನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಉತ್ತರ ಒಂದು ಸೆಕೆಂಡಿನೊಳಗೆ ಬಂದರೆ ಉಳಿಯುವುದು ಯಂತ್ರದ ಹೊತ್ತು ಮಾತ್ರವಲ್ಲ, ಮನುಷ್ಯನೂ ಬೇಗ ಯೋಚಿಸುತ್ತಾನೆ ಎಂದು ತೋರಿಸಿದರು.

ಇನ್ನು ತಡ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಕೆಲಸದಿಂದ ಬರುವುದು ಸ್ವಲ್ಪ. ಸರದಿಯಿಂದ ಬರುವುದೇ ಹೆಚ್ಚು. ಸರದಿಯ ಗಣಿತಕ್ಕೆ ತಳಹದಿ ಹಾಕಿದವರು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್, 1909ರ ಮಾತು. ಒಂದು ಡಿಸ್ಕು ಒಂದು ಕೋರಿಕೆಯನ್ನು ಮುಗಿಸಲು ಸೆಕೆಂಡಿನ ನೂರರಲ್ಲೊಂದು ಪಾಲು ತೆಗೆದುಕೊಳ್ಳುತ್ತದೆ ಎಂದು ಭಾವಿಸಿ. ಕೋರಿಕೆಗಳು ಗೊತ್ತುಗುರಿಯಿಲ್ಲದೆ ಬರುತ್ತಿದ್ದು, ಡಿಸ್ಕು ಅರ್ಧ ಹೊತ್ತು ಮಾತ್ರ ದುಡಿಯುತ್ತಿದ್ದರೆ, ಸರದಿಯೂ ಸೇರಿ ಎರಡು ಪಾಲು ಹಿಡಿಯುತ್ತದೆ. ನೂರಕ್ಕೆ 80 ಹೊತ್ತು ದುಡಿಯುತ್ತಿದ್ದರೆ ಐದು ಪಾಲು. 90 ಆದರೆ ಹತ್ತು. 95 ಆದರೆ ಇಪ್ಪತ್ತು! ಕೊನೆಯ ಆ ಐದರ ಹೊರೆ ಕಾಯುವ ಹೊತ್ತನ್ನು ಇಮ್ಮಡಿ ಮಾಡಿತು. ಒಂದು ಪ್ರಶ್ನೆಗೆ ಡಿಸ್ಕನ್ನು ಐವತ್ತು ಸಲ ಮುಟ್ಟಬೇಕಾದರೆ, ಒಂದು ಸೆಕೆಂಡಿನಲ್ಲಿ ಬರಬೇಕಾದ ಉತ್ತರ ಹತ್ತು ಸೆಕೆಂಡಿಗೆ ಹೋಗುತ್ತದೆ. ನಿನ್ನೆ ಚೆನ್ನಾಗಿದ್ದ ಯಂತ್ರ ಇಂದು ಏಕೆ ಹೀಗಾಯಿತು ಎಂದು ಜನ ಬೆರಗಾಗುವುದು ಇದರಿಂದಲೇ.

ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಹತ್ತು ಗಂಟೆ. ಉಗ್ರಾಣದ ಗುಮಾಸ್ತ ಬೇರಿಂಗುಗಳು ಎಷ್ಟಿವೆಯೆಂದು ಯಂತ್ರವನ್ನು ಕೇಳುತ್ತಾನೆ. ಉತ್ತರಕ್ಕೆ ಎಂಟು ಸೆಕೆಂಡು. ಬಾಗಿಲಲ್ಲಿ ಲಾರಿ ನಿಂತಿದೆ, ಮೇಸ್ತ್ರಿ ಕೂಗುತ್ತಿದ್ದಾನೆ. ನಾಲ್ಕು ದಿನ ನೋಡಿ ಗುಮಾಸ್ತ ಒಂದು ಉಪಾಯ ಹೂಡುತ್ತಾನೆ: ಕೊಟ್ಟದ್ದನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು, ಸಂಜೆ ಬಿಡುವಾದಾಗ ಯಂತ್ರಕ್ಕೆ ತಿಳಿಸುವುದು. ನಿಜವಾದ ಕೇಡು ಆರಂಭವಾಗುವುದು ಇಲ್ಲಿ. ಮಧ್ಯಾಹ್ನ ಯಂತ್ರದ ಲೆಕ್ಕದಲ್ಲಿ ನಲವತ್ತು ಬೇರಿಂಗುಗಳಿವೆ, ಕಪಾಟಿನಲ್ಲಿ ಒಂದೂ ಇಲ್ಲ. ಆ ಲೆಕ್ಕವನ್ನು ನಂಬಿದ ಜೋಡಣೆಯ ಸಾಲು ಮರುದಿನ ನಿಲ್ಲುತ್ತದೆ. ಬೈಗುಳ ಗುಮಾಸ್ತನಿಗೆ! ನಿಧಾನವಾದ ಯಂತ್ರ ಹೊತ್ತನ್ನು ಮಾತ್ರ ತಿನ್ನುವುದಿಲ್ಲ, ಲೆಕ್ಕದ ಸತ್ಯವನ್ನೂ ತಿನ್ನುತ್ತದೆ.

ಇದಕ್ಕೆ ಮದ್ದೇನು? ಮೊದಲು ನಾಡಿ ನೋಡಬೇಕು. ಮೇನ್‌ಫ್ರೇಮ್ ತನ್ನ ದಿನಚರಿಯನ್ನು ತಾನೇ ಬರೆದಿಡಬಲ್ಲದು. ಯಾವ ಕೆಲಸ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಲೆಕ್ಕ ಮಾಡಿತು, ಡಿಸ್ಕನ್ನು ಎಷ್ಟು ಸಲ ಮುಟ್ಟಿತು ಎಂಬುದೆಲ್ಲ ಎಸ್.ಎಂ.ಎಫ್. ಎಂಬ ದಾಖಲೆಯಲ್ಲಿ ಸೇರುತ್ತದೆ. ಆರ್.ಎಂ.ಎಫ್. ಎಂಬ ಇನ್ನೊಂದು ಏರ್ಪಾಡು, ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ, ಯಾರು ಯಾವುದಕ್ಕಾಗಿ ಕಾದಿದ್ದಾರೆಂದು ಇಣುಕಿ ನೋಡುತ್ತದೆ. ಇಂಥ ಅಳೆಯುವ ಸಾಧನಗಳನ್ನೇ ಮಾರುವ ಸಂಸ್ಥೆಯೊಂದು 1967ರಲ್ಲಿಯೇ ಅಮೆರಿಕದಲ್ಲಿ ಹುಟ್ಟಿತು. ಗಣಿತಜ್ಞ ಬೂಲ್, ಯಂತ್ರದ ಕನಸು ಕಂಡ ಬ್ಯಾಬೇಜ್, ಇಬ್ಬರ ಹೆಸರನ್ನೂ ಕೂಡಿಸಿ ಅದಕ್ಕೆ 'ಬೂಲ್ ಅಂಡ್ ಬ್ಯಾಬೇಜ್' ಎಂದು ಹೆಸರಿಟ್ಟಿದ್ದರು.

ನಮ್ಮ ಗುಮಾಸ್ತನ ಎಂಟು ಸೆಕೆಂಡನ್ನು ಹೀಗೆ ಬಿಡಿಸಿ ನೋಡಿದರು ಎನ್ನಿ. ಲೆಕ್ಕ ಮಾಡಿದ್ದು 0.2 ಸೆಕೆಂಡು, ಡಿಸ್ಕಿಗೆ 0.8 ಸೆಕೆಂಡು. ಉಳಿದ ಏಳು ಸೆಕೆಂಡು ಬರಿಯ ಕಾಯುವಿಕೆ! ಯಾವುದಕ್ಕಾಗಿ? ಒಂದು ಬೀಗಕ್ಕಾಗಿ. ಬೆಲೆಗಳನ್ನು ತಿದ್ದುವ ಲೆಕ್ಕಪತ್ರ ವಿಭಾಗದ ಕಾರ್ಯವೊಂದು ದಿನವೂ ಹತ್ತು ಗಂಟೆಗೆ ಆರಂಭವಾಗಿ, ತಾನು ಮುಟ್ಟಿದ ದಾಖಲೆಗಳಿಗೆಲ್ಲ ಬೀಗ ಹಾಕಿಕೊಂಡು, ಕೆಲಸ ಪೂರ್ತಿ ಮುಗಿದ ಮೇಲೆಯೇ ತೆಗೆಯುತ್ತಿತ್ತು. ನೂರು ದಾಖಲೆ ತಿದ್ದಿದೊಡನೆ ಅವುಗಳ ಬೀಗ ತೆಗೆಯುವಂತೆ ಮಾಡಿದರೆ ಸಾಕು. ಆ ಕೆಲಸವನ್ನು ರಾತ್ರಿಗೆ ಸರಿಸಿದರೆ ಇನ್ನೂ ಮೇಲು. ಇಲ್ಲಿ ಇಮ್ಮಡಿ ವೇಗದ ಯಂತ್ರವನ್ನು ಕೊಂಡಿದ್ದರೆ ಲಾಭವೆಷ್ಟು? 0.2 ಸೆಕೆಂಡು 0.1 ಆಗುತ್ತಿತ್ತು, ಬೀಗ ಬೀಗವಾಗಿಯೇ ಇರುತ್ತಿತ್ತು.

ಅಳೆಯುವವರು ನೆನಪಿಡಬೇಕಾದ ಮಾತು ಕೆಲವುಂಟು. ಮೊದಲನೆಯದು, ಸರಾಸರಿಯನ್ನು ನಂಬಿ ಕೂಡಬಾರದು. ತೊಂಬತ್ತು ಮಂದಿಗೆ ಅರ್ಧ ಸೆಕೆಂಡಿನಲ್ಲಿ, ಹತ್ತು ಮಂದಿಗೆ ಇಪ್ಪತ್ತು ಸೆಕೆಂಡಿನಲ್ಲಿ ಉತ್ತರ ಬಂದರೆ ಸರಾಸರಿ ಸುಮಾರು ಎರಡೂವರೆ ಸೆಕೆಂಡು. ಆದರೆ ಆ ಎರಡೂವರೆ ಸೆಕೆಂಡನ್ನು ಅನುಭವಿಸಿದವರು ಒಬ್ಬರೂ ಇಲ್ಲ. ನೂರರಲ್ಲಿ ತೊಂಬತ್ತೈದು ಮಂದಿಗೆ ಎಷ್ಟರೊಳಗೆ ಉತ್ತರ ದೊರೆಯಿತು ಎಂದು ಕೇಳುವುದು ಲೇಸು. ಎರಡನೆಯದು, ಯಂತ್ರ ಆರೋಗ್ಯವಾಗಿದ್ದಾಗಲೂ ಅಳೆದಿಡಬೇಕು. ಇಲ್ಲದಿದ್ದರೆ ಜ್ವರ ಬಂದಾಗ ಹೋಲಿಸಲು ಏನೂ ಇರುವುದಿಲ್ಲ. ಮೂರನೆಯದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಅಳೆಯಬೇಕು. ಒಂದು ಇಕ್ಕಟ್ಟು ಬಿಡಿಸಿದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ತಲೆಹಾಕುತ್ತದೆ. ನಾಲ್ಕನೆಯದು, ಅಳೆಯುವುದಕ್ಕೂ ಯಂತ್ರದ ಹೊತ್ತು ಖರ್ಚಾಗುತ್ತದೆ, ಅದೂ ಮಿತಿಯಲ್ಲಿರಬೇಕು.

ಕಡೆಯ ಮಾತೊಂದಿದೆ. ಅಳತೆಗೋಲು ಯಂತ್ರದ ಕಡೆಗೆ ತಿರುಗಿರಬೇಕೇ ಹೊರತು ಮನುಷ್ಯನ ಕಡೆಗಲ್ಲ. ಗುಮಾಸ್ತನ ಮೇಲೆ ಪತ್ತೇದಾರಿಕೆ ಮಾಡಲು ಹೊರಟರೆ ಅವನು ನಿಜ ಹೇಳುವುದನ್ನು ನಿಲ್ಲಿಸುತ್ತಾನೆ. ಚೀಟಿಗಳು ಮತ್ತೆ ಜೇಬು ಸೇರುತ್ತವೆ. ಅಂಕಿಗಳು ಎಲ್ಲಿ ನೋಡಬೇಕೆಂದು ತಿಳಿಸುತ್ತವೆ. ಏಕೆ ಹೀಗಾಗುತ್ತಿದೆ ಎಂಬುದನ್ನು ಎಷ್ಟೋ ಸಲ ಅವನೇ ಹೇಳಬೇಕಾಗುತ್ತದೆ.

ಮುಂದೆ ಎಂದಾದರೂ ಬ್ಯಾಂಕಿನ ಕಿಟಕಿಯ ಮುಂದೆ ನಿಂತು, 'ಯಂತ್ರ ನಿಧಾನ' ಎಂಬ ಉತ್ತರ ಕೇಳಿದಾಗ ಸಿಟ್ಟಾಗುವ ಮುನ್ನ ನಮ್ಮ ದೋಸೆಯನ್ನು ನೆನೆಯಿರಿ. ಕಿಟಕಿಯ ಆಚೆಗಿರುವವನೂ ನಿಮ್ಮಂತೆಯೇ ಕಾಯುತ್ತಿದ್ದಾನೆ. ಇಬ್ಬರೂ ಯಾವುದಕ್ಕಾಗಿ ಕಾದಿದ್ದೀರಿ ಎಂಬುದನ್ನು ಯಾರಾದರೂ ಅಳೆದು ನೋಡಬೇಕು, ಅಷ್ಟೆ.