ಅಪ್ಪನ ಕಂಪ್ಯೂಟರ್‌ಗೆ ಹೊಸ ವಿಂಡೋಸ್ ಹಾಕುವ ಮುನ್ನ

ವಿಂಡೋಸ್ 10ರಿಂದ 11ಕ್ಕೆ ಬಂದಾಗ ಕೈ ತಡವರಿಸದ ಹಾಗೆ ಏನು ಮಾಡಬೇಕು ಅನ್ನೋದು ಇವತ್ತಿನ ವಿಷಯ. ಮೊದಲು ನಾನು ಮಾಡಿದ ಒಂದು ತಪ್ಪು ಹೇಳ್ತೀನಿ.

ದಾವಣಗೆರೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅಪ್ಪನ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. 2025ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಅದೇ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿದಿತ್ತು. ಹಾಗಂತ ಕಂಪ್ಯೂಟರ್ ನಿಂತು ಹೋಗಲ್ಲ, ಆದರೆ ಭದ್ರತೆಯ ಅಪ್‌ಡೇಟ್‌ಗಳು ಮೊದಲಿನ ಹಾಗೆ ಬರಲ್ಲ. ಅಪ್ಪನದ್ದೋ, ದಿನಾ ಯಾರ್ಯಾರದೋ ಪೆನ್ ಡ್ರೈವ್ ಚುಚ್ಚೋ ಮಷೀನ್. ನನಗೆ ಭಯ ಆಯ್ತು. ಅಪ್ಪ ಮಲಗಿದ ಮೇಲೆ ಕೂತು ವಿಂಡೋಸ್ 11 ಹಾಕಿದೆ. ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೊರಟೆ. ಅಪ್ಪನಿಗೆ ಒಂದು ಮಾತೂ ಹೇಳಲಿಲ್ಲ.

ಹನ್ನೊಂದು ಗಂಟೆಗೆ ಫೋನ್ ಬಂತು. “ಏನ್ ಮಾಡಿ ಹೋದ್ಯವ್ವಾ ಇದಕ್ಕೆ?” ಹಿಂದೆ ಯಾರೋ ಹುಡುಗ, “ಸಾರ್, ಬೇಗ, ಅರ್ಜಿ ಕೊಡೋಕೆ ಇವತ್ತೇ ಕೊನೆ” ಅಂತಿದ್ದ. ನಾನು, “ತುಂಬಾ ಸಿಂಪಲ್ ಅಪ್ಪ, ನೋಡಿದ್ರೆ ಗೊತ್ತಾಗುತ್ತೆ” ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, “ನನಗೆ ವಯಸ್ಸಾಯ್ತು ಬಿಡವ್ವ” ಅಂದ್ರು. ಆ ಹುಡುಗನನ್ನ ಪಕ್ಕದ ಅಂಗಡಿಗೆ ಕಳಿಸಿದ್ರಂತೆ.

ಆ ಮಾತು ಮನಸ್ಸಲ್ಲೇ ಉಳೀತು. ಯಾಕಂದ್ರೆ ಅದು ವಯಸ್ಸಿನ ವಿಷಯ ಅಲ್ಲವೇ ಅಲ್ಲ. 1995ರಲ್ಲಿ ವಿಂಡೋಸ್ 95 ಬಂದಾಗಿಂದ ಸ್ಟಾರ್ಟ್ ಬಟನ್ ಇದ್ದದ್ದು ಎಡಗಡೆ ಕೆಳಗಿನ ಮೂಲೆಯಲ್ಲಿ. 2012ರ ವಿಂಡೋಸ್ 8ರಲ್ಲಿ ಅದನ್ನ ತೆಗೆದರು. ಜನ ಗೊಣಗಿದರು, ಮರುವರ್ಷ 8.1ರಲ್ಲಿ ವಾಪಸ್ ತಂದರು. ಅಪ್ಪ ಆ ಮೂಲೆಯನ್ನ ಕಣ್ಣಿಂದ ಹುಡುಕ್ತಿರಲಿಲ್ಲ, ಕೈ ತಾನಾಗೇ ಹೋಗ್ತಿತ್ತು. ಕತ್ತಲಲ್ಲಿ ಮನೆಯ ಸ್ವಿಚ್ ಹುಡುಕಿದ ಹಾಗೆ. ನಾನು ರಾತ್ರೋರಾತ್ರಿ ಸ್ವಿಚ್ ಜಾಗ ಬದಲಿಸಿ, “ಸಿಂಪಲ್” ಅಂತ ಬೇರೆ ಹೇಳಿದ್ದೆ!

ಆ ಶನಿವಾರ ಮತ್ತೆ ಊರಿಗೆ ಹೋದೆ. ಈ ಸಲ ಮೌಸ್ ಮುಟ್ಟಲಿಲ್ಲ. “ಅಪ್ಪ, ಎಲ್ಲೆಲ್ಲಿ ಕೈ ತಪ್ತಿದೆ, ಅಷ್ಟು ತೋರಿಸಿ” ಅಂದೆ. ಬರೀ ಮೂರು ಕಡೆ.

ಒಂದು, ಸ್ಟಾರ್ಟ್ ಬಟನ್. ವಿಂಡೋಸ್ 11ರಲ್ಲಿ ಅದು ನಡುವೆ ಇರುತ್ತೆ. ಹೆಚ್ಚು ಪ್ರೋಗ್ರಾಂ ತೆರೆದಷ್ಟೂ ಎಡಕ್ಕೆ ಸರೀತಾ ಹೋಗುತ್ತೆ, ಒಂದು ಕಡೆ ನಿಲ್ಲಲ್ಲ. ಟಾಸ್ಕ್‌ಬಾರ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ಟಾಸ್ಕ್‌ಬಾರ್ ಸೆಟ್ಟಿಂಗ್ಸ್’ ತೆಗೀರಿ. ಕೆಳಗೆ ‘ಟಾಸ್ಕ್‌ಬಾರ್ ಬಿಹೇವಿಯರ್ಸ್’ನಲ್ಲಿ ಅಲೈನ್‌ಮೆಂಟ್ ‘ಲೆಫ್ಟ್’ ಮಾಡಿ. ಬಟನ್ ಮೂಲೆಗೆ ಬರುತ್ತೆ.

ಎರಡು, ರೈಟ್ ಕ್ಲಿಕ್ ಮೆನು. ಅಪ್ಪ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸೆಂಡ್ ಟು’ ಒತ್ತಿ ಪೆನ್ ಡ್ರೈವ್‌ಗೆ ಹಾಕೋರು. ಈಗ ಅದು ‘ಶೋ ಮೋರ್ ಆಪ್ಷನ್ಸ್’ ಒಳಗೆ ಅವಿತಿದೆ. ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದ್ರೆ ಹಳೇ ಮೆನು ನೇರವಾಗಿ ಬರುತ್ತೆ. ಕಟ್, ಕಾಪಿ, ರಿನೇಮ್ ಎಲ್ಲೂ ಹೋಗಿಲ್ಲ, ಹೊಸ ಮೆನುವಿನ ತುದಿಯಲ್ಲಿ ಚಿಕ್ಕ ಚಿತ್ರಗಳಾಗಿವೆ ಅಷ್ಟೇ.

ಮೂರು, ತೆರೆದ ಫೈಲ್‌ಗಳ ಹೆಸರು. ನಾಲ್ಕು ಗಿರಾಕಿಗಳ ನಾಲ್ಕು ವರ್ಡ್ ಫೈಲ್ ತೆರೆದಿದ್ರೂ ಕೆಳಗೆ ಕಾಣೋದು ಒಂದೇ ಐಕಾನ್. ಅದೇ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಬಟನ್‌ಗಳನ್ನ ‘ಕಂಬೈನ್’ ಮಾಡೋ ಆಯ್ಕೆ ಇದೆ, ಅದನ್ನ ‘ನೆವರ್’ ಮಾಡಿ. ಆಗ ಪ್ರತಿ ಫೈಲೂ ಹೆಸರಿನ ಸಮೇತ ಕಾಣುತ್ತೆ.

ಇಷ್ಟಕ್ಕೆ ಹತ್ತು ನಿಮಿಷ ಹಿಡೀತು. ಬದಲಾಗದೇ ಇದ್ದದ್ದನ್ನೂ ಅಪ್ಪನಿಗೆ ತೋರಿಸಿದೆ. ಕಂಟ್ರೋಲ್ ಪಿ ಒತ್ತಿದ್ರೆ ಈಗಲೂ ಪ್ರಿಂಟ್, ವಿಂಡೋಸ್ ಕೀ ಜೊತೆ ಇ ಒತ್ತಿದ್ರೆ ಈಗಲೂ ಫೋಲ್ಡರ್‌ಗಳು. ಹಳೇ ದಾರಿಗಳು ಎಷ್ಟು ಉಳಿದಿವೆ ಅಂತ ಗೊತ್ತಾದ್ರೇ ಅರ್ಧ ಧೈರ್ಯ ಬರುತ್ತೆ.

ಇನ್ನೊಂದು ವಿಷಯ ಹೇಳಿದೆ. ಅಪ್‌ಗ್ರೇಡ್ ಮಾಡಿದ 10 ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋಗಿ ‘ಗೋ ಬ್ಯಾಕ್’ ಒತ್ತಿ ಹಳೇ ವಿಂಡೋಸ್‌ಗೆ ವಾಪಸ್ ಹೋಗಬಹುದು. ಅದಕ್ಕೇ ಜಾಗ ಉಳಿಸೋಕೆ ಅಂತ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್ ಅಳಿಸಬೇಡಿ. ವಾಪಸ್ ಹೋಗೋ ಮುಂಚೆ ಫೈಲ್‌ಗಳ ಕಾಪಿ ಬೇರೆ ಕಡೆ ಇಟ್ಕೊಳ್ಳಿ. “ಬೇಡ ಅನ್ನಿಸಿದ್ರೆ ಹೇಳಿ, ಇನ್ನೂ ದಿನ ಇದೆ” ಅಂದೆ. ಅಪ್ಪ ಸ್ಟಾರ್ಟ್ ಬಟನ್ ಎರಡು ಸಲ ಒತ್ತಿ ನೋಡಿ, “ಇರ್ಲಿ ಬಿಡವ್ವ, ಮೂಲೆಗೆ ಬಂತಲ್ಲ” ಅಂದ್ರು.

ಹೊಸದನ್ನ ಆವತ್ತು ಒಂದೇ ಒಂದು ಹೇಳಿಕೊಟ್ಟೆ. ವಿಂಡೋಸ್ ಕೀ ಜೊತೆ ಝಡ್ ಒತ್ತಿದ್ರೆ ಪರದೆಯನ್ನ ಹೇಗೆ ಪಾಲು ಮಾಡಬೇಕು ಅಂತ ಚೌಕಗಳು ಬರುತ್ತೆ. ಈಗ ಅಪ್ಪ ಒಂದು ಪಕ್ಕ ಗಿರಾಕಿಯ ಕೈಬರಹದ ಸ್ಕ್ಯಾನ್, ಇನ್ನೊಂದು ಪಕ್ಕ ಟೈಪ್ ಮಾಡೋ ಪುಟ ಇಟ್ಕೊಂಡು ಕೆಲಸ ಮಾಡ್ತಾರೆ.

ನಿಮ್ಮನೆಯಲ್ಲೂ ಕಂಪ್ಯೂಟರ್ ಅಂದ್ರೆ ಎಲ್ಲರೂ ಕರೆಯೋದು ನಿಮ್ಮನ್ನೇ ಇರಬೇಕು, ಅಲ್ವಾ? ಹೊಸದು ಹಾಕೋ ಮುಂಚೆ ಅದನ್ನ ಬಳಸೋರನ್ನ ಒಂದು ಮಾತು ಕೇಳಿ. ಹಾಕಿದ ಮೇಲೆ ಒಂದು ದಿನ ಪಕ್ಕದಲ್ಲಿರಿ. “ಸಿಂಪಲ್” ಅನ್ನೋ ಪದ ಮಾತ್ರ ಬಳಸಬೇಡಿ.